ಧ್ರುವದ ದಾರಿ ಮತ್ತು ನಮ್ಮ ತೊಗರಿ ಬೇಳೆ

ಕಲಬುರಗಿಯ ಒಂದು ದಾಲ್ ಮಿಲ್‌ನಲ್ಲಿ ಹೋದ ವಾರ ಲಂಡನ್‌ಗೆ ಹೋಗುವ ತೊಗರಿ ಬೇಳೆ ತುಂಬಿಸುತ್ತಿದ್ದೆವು. ಕಂಟೇನರ್ ಒಳಗೆ ತೇವ ಹೀರುವ ಚೀಲ ತೂಗುಹಾಕುವಾಗ ಮಾಲೀಕರು ಕೇಳಿದರು: “ಸರ, ಉತ್ತರ ಧ್ರುವದ ಕಡಿಂದ ಹಡಗಿನ ದಾರಿ ಶುರು ಆಗ್ಯಾದಂತಲ್ರಿ, ನಮ್ಮ ಬ್ಯಾಳಿ ಲಗೂ ಮುಟ್ತದೇನ್ರಿ?”

ರಫ್ತು ಸಾಗಣೆಯ ಕೆಲಸ ಮಾಡುವ ನನಗೆ ಈ ಪ್ರಶ್ನೆ ಹೊಸದೇನಲ್ಲ. ಸುದ್ದಿ ನಿಜ. 2025ರ ಸೆಪ್ಟೆಂಬರ್‌ನಲ್ಲಿ ಚೀನಾದ ನಿಂಗ್ಬೋ ಬಿಟ್ಟ ‘ಇಸ್ತಾಂಬುಲ್ ಬ್ರಿಡ್ಜ್’ ಹಡಗು ರಷ್ಯಾದ ಉತ್ತರ ಕರಾವಳಿ ಹಿಡಿದು ಸುಮಾರು 20 ದಿನಕ್ಕೆ ಇಂಗ್ಲೆಂಡಿನ ಫೆಲಿಕ್ಸ್‌ಸ್ಟೋ ಮುಟ್ಟಿತು. ಮಾಮೂಲಿಯಂತೆ ಸೂಯೆಜ್ ಕಾಲುವೆ ಮೇಲೆ ಹೋಗಿದ್ದರೆ ತಿಂಗಳು ದಾಟುತ್ತಿತ್ತು.

ಆದರೆ ಆ ಉಳಿತಾಯ ಚೀನಾ, ಜಪಾನಿನವರದು. ನಮ್ಮ ಕಂಟೇನರ್ ಸೊಲ್ಲಾಪುರ, ಪುಣೆ ದಾಟಿ ಮುಂಬೈ ಪಕ್ಕದ ನ್ಹಾವಾ ಶೇವಾ ಬಂದರಿನಲ್ಲಿ ಹಡಗು ಹತ್ತುತ್ತದೆ. ಅಲ್ಲಿಂದ ಸಿಂಗಪುರ, ಜಪಾನ್ ದಾಟಿ ಧ್ರುವದ ದಾರಿಯ ಬಾಗಿಲಾದ ಬೇರಿಂಗ್ ಜಲಸಂಧಿಗೆ ಏರುವ ಬದಲು ಆಫ್ರಿಕಾದ ತುದಿ ಸುತ್ತಿದರೂ ಯುರೋಪ್ ಹತ್ತಿರವೇ.

ಚೀನಾದವರಿಗೂ ಅದು ಸಲೀಸಿನ ದಾರಿಯಲ್ಲ. ಕಂಟೇನರ್ ಹಡಗೆಂದರೆ ನಮ್ಮೂರ ಬಸ್ಸಿದ್ದಂತೆ, ನಡುವೆ ಇಳಿಸಿ ಹತ್ತಿಸಿದರೇನೇ ಗಿಟ್ಟುವುದು. ಸೈಬೀರಿಯಾದ ಅಂಚಿನಲ್ಲಿ ಕೊಲಂಬೊ, ಜೆಡ್ಡಾದಂಥ ಬಂದರುಗಳೆಲ್ಲಿವೆ? ಆ ದಾರಿಯಲ್ಲಿ ಸಿಗುವ ಸಾನ್ನಿಕೋವ್ ಜಲಸಂಧಿಯ ಆಳ ಸುಮಾರು 13 ಮೀಟರ್. 20,000 ಕಂಟೇನರ್ ಹೊರುವ ಹಡಗು ಅಲ್ಲಿ ತೂರದು. 2018ರಲ್ಲಿ ಡೆನ್ಮಾರ್ಕಿನ ಹಡಗು ಕಂಪನಿ ಮರ್ಸ್ಕ್ ಒಮ್ಮೆ ಹಡಗು ಕಳಿಸಿ ನೋಡಿ, ಮಾಮೂಲಿ ದಾರಿಗೆ ಇದು ಬದಲಿಯಾಗದು ಎಂದಿತು. 2024ರಲ್ಲಿ ಅಲ್ಲಿ ಸಾಗಿದ ಸುಮಾರು 3.8 ಕೋಟಿ ಟನ್ ಸರಕಿನಲ್ಲಿ ಬಹುಪಾಲು ರಷ್ಯಾದ ತೈಲ, ಅನಿಲವೇ.

ನಮ್ಮನ್ನು ಕಾಡುತ್ತಿರುವುದು ಸೂಯೆಜ್‌ಗೆ ಹೋಗುವ ದಾರಿಯಾದ ಕೆಂಪು ಸಮುದ್ರ. 2023ರ ನವೆಂಬರ್‌ನಲ್ಲಿ ಯೆಮೆನ್‌ನ ಹೌತಿ ಬಂಡುಕೋರರ ದಾಳಿ ಶುರುವಾದ ಮೇಲೆ ಹಡಗುಗಳು ಆಫ್ರಿಕಾ ಸುತ್ತಿ ಹೋಗತೊಡಗಿದವು. ಹತ್ತು ಹದಿನಾಲ್ಕು ದಿನ ಹೆಚ್ಚು. ಬಾಡಿಗೆ ಏರಿತು, ಖಾಲಿ ಕಂಟೇನರ್ ಸಿಗುವುದೇ ಕಷ್ಟವಾಯಿತು. ಬೇಳೆಗೆ ಇನ್ನೊಂದು ಕುತ್ತು: ಬಿಸಿ ಕಡಲಿಂದ ತಂಪು ಕಡಲಿಗೆ ಹೋದಾಗ ಕಂಟೇನರ್ ಒಳಗೇ ಬೆವರುತ್ತದೆ. ಚಾವಣಿಯ ಹನಿ ತಟತಟನೆ ಮೇಲಿನ ಚೀಲಗಳ ಮೇಲೆ ಬೀಳುತ್ತದೆ. ಹೀಗೇ ಒಮ್ಮೆ ನಾನು ಕಳಿಸಿದ ಮಾಲಿನ ಮೇಲಿನ ಸಾಲು ಪೂರ್ತಿ ಬೂಷ್ಟು ಹಿಡಿದು, ಖರೀದಿದಾರರು ಬೇಡವೆಂದರು. ವರ್ಷದ ದುಡಿಮೆ ಹೋದ ಆ ಮಿಲ್‌ನವರ ಮುಖ ನಾನು ಮರೆತಿಲ್ಲ.

ಅಂದಿನಿಂದ ಹಡಗು ಯಾವ ದಾರಿ ಹಿಡಿಯುತ್ತದೆಂದು ಬುಕಿಂಗ್ ಮಾಡುವಾಗಲೇ ಬರವಣಿಗೆಯಲ್ಲಿ ಕೇಳುತ್ತೇನೆ, ಮಾಲು ಮುಟ್ಟುವ ತಾರೀಖನ್ನು ಉದ್ದದ ದಾರಿಯ ಲೆಕ್ಕದಲ್ಲೇ ಕೊಡುತ್ತೇನೆ. ಈ ಮಾಲೀಕರಿಗೂ ಅದನ್ನೇ ಹೇಳಿ, ತೇವ ಹೀರುವ ಎಂಟು ಚೀಲದ ಜಾಗದಲ್ಲಿ ಹನ್ನೆರಡು ತೂಗುಹಾಕಿಸಿ, ಬಾಗಿಲಿಗೆ ಸೀಲ್ ಹಾಕಿಸಿದೆ.