ಬ್ಯಾಂಡು ಕೇಳುತ್ತದೆ, ಅಂಬಾರಿ ಕಾಣದು

ಜಂಬೂಸವಾರಿಯನ್ನು ಫೋನಿನಲ್ಲಿ ಹಿಡಿದು ತಂದು ಉಬುಂಟು ಎಂಬ ಲಿನಕ್ಸ್ ಇರುವ ಮನೆಯ ಕಂಪ್ಯೂಟರಿಗೆ ಹಾಕುತ್ತೀರಿ. ಪೊಲೀಸ್ ಬ್ಯಾಂಡಿನ ಸದ್ದು ಸ್ಪಷ್ಟವಾಗಿದೆ, ಪರದೆ ಮಾತ್ರ ಕಪ್ಪು. ಫೈಲಿನ ಹೆಸರಿನ ಕೊನೆಗೆ ಎಂಪಿ4 ಎಂದೇ ಇದೆ. ನಿನ್ನೆ ನೋಡಿದ ಮದುವೆ ವಿಡಿಯೊ ಕೂಡ ಎಂಪಿ4, ಅದು ಸರಾಗವಾಗಿ ಓಡಿತ್ತು. ಮೈಸೂರಾಗಲಿ ಮಂಡ್ಯವಾಗಲಿ, ಯಾರನ್ನು ಕೇಳಿದರೂ ಬರುವ ಉತ್ತರ ಮೂರೇ: ಫೈಲ್ ಕೆಟ್ಟಿದೆ, ವೈರಸ್ ಹೊಕ್ಕಿದೆ, ಲಿನಕ್ಸ್ ತೆಗೆದು ವಿಂಡೋಸ್ ಹಾಕಿಸಿ. ಮೂರೂ ಊಹೆ. ಫೈಲಿನೊಳಗೆ ಏನಿದೆ ಎಂದು ನೋಡುವ ಮೊದಲೇ ಕೊಟ್ಟ ತೀರ್ಪು.

ಎಂಪಿ4 ಅನ್ನುವುದು ಡಬ್ಬಿಯ ಹೆಸರು. ನಮ್ಮ ಅಡುಗೆಮನೆಯ ಹಾರ್ಲಿಕ್ಸ್ ಬಾಟಲಿಯಲ್ಲಿ ಸಾಸಿವೆಯೂ ಇರಬಹುದು, ಹುಳಿಪುಡಿಯೂ ಇರಬಹುದು. ಮೇಲಿನ ಚೀಟಿ ನಂಬಿ ಯಾರೂ ಒಗ್ಗರಣೆ ಹಾಕುವುದಿಲ್ಲ. ಎಂಪಿ4, ಎಂಕೆವಿ, ಎವಿಐ ಎಲ್ಲವೂ ಇಂಥ ಬಾಟಲಿಗಳೇ. ಒಳಗಿನ ಚಿತ್ರವನ್ನು ಯಾವ ವಿಧಾನದಲ್ಲಿ ಕುಗ್ಗಿಸಿದ್ದಾರೆ ಎಂಬುದು ಬೇರೆ ಮಾತು. ಆ ವಿಧಾನದ ಹೆಸರು ಕೋಡೆಕ್. ಮದುವೆ ವಿಡಿಯೊದಲ್ಲಿ ಎಚ್.264 ಇದ್ದಿರಬಹುದು, ಹೊಸ ಫೋನುಗಳು ಜಾಗ ಉಳಿಸಲು ಎಚ್.265 ಬಳಸುತ್ತವೆ, ಇದರ ಇನ್ನೊಂದು ಹೆಸರು ಎಚ್‌ಇವಿಸಿ. ಫೈಲಿನ ಕೊನೆಯ ಮೂರಕ್ಷರ ತಿದ್ದಿ ಎಂಕೆವಿಯನ್ನು ಎಂಪಿ4 ಮಾಡುವುದೆಂದರೆ ಚೀಟಿ ಬದಲಿಸಿದಂತೆ. ಸಾಸಿವೆ ಸಾಸಿವೆಯಾಗಿಯೇ ಉಳಿಯುತ್ತದೆ.

ಇಷ್ಟು ಕುಗ್ಗಿಸುವುದಾದರೂ ಏಕೆ? ಲೆಕ್ಕ ಹಾಕಿ ನೋಡಿ. ಒಂದು ಫುಲ್ ಎಚ್‌ಡಿ ಚಿತ್ರದಲ್ಲಿ 1920 × 1080, ಅಂದರೆ ಸುಮಾರು 20.7 ಲಕ್ಷ ಚುಕ್ಕೆಗಳು. ಚುಕ್ಕೆಗೆ 3 ಬೈಟ್, ಸೆಕೆಂಡಿಗೆ 25 ಚಿತ್ರ. ಸೆಕೆಂಡೊಂದಕ್ಕೆ 155 ಎಂಬಿ, ಗಂಟೆಗೆ ಸುಮಾರು 560 ಜಿಬಿ! ಅದೇ ಒಂದು ಗಂಟೆ ಒಳ್ಳೆಯ ಗುಣಮಟ್ಟದ ಎಚ್.264ರಲ್ಲಿ 3.6 ಜಿಬಿಗೆ ಇಳಿಯುತ್ತದೆ. ಮಂಡ್ಯದ ಆಲೆಮನೆಯಲ್ಲಿ ಒಂದು ಟನ್ ಕಬ್ಬು ಸುಮಾರು 100 ಕಿಲೊ ಬೆಲ್ಲವಾಗುತ್ತದೆ, ಹತ್ತರಲ್ಲಿ ಒಂದು ಪಾಲು. ಇಲ್ಲಿ ಉಳಿಯುವುದು ನೂರೈವತ್ತರಲ್ಲಿ ಒಂದು ಪಾಲು.

ಈ ಕೆಲಸ ಹೇಗೆ ನಡೆಯುತ್ತದೆ ಎಂಬುದಕ್ಕೆ ಜಂಬೂಸವಾರಿಗಿಂತ ಒಳ್ಳೆಯ ಉದಾಹರಣೆ ಸಿಗದು. ಹಿಂದೆ ಅರಮನೆ ಅಲುಗದೆ ನಿಂತಿದೆ, ಮುಂದೆ ಆನೆ ನಿಧಾನವಾಗಿ ನಡೆಯುತ್ತಿದೆ. ಸೆಕೆಂಡಿಗೆ 25 ಸಲ ಅರಮನೆಯನ್ನು ಹೊಸದಾಗಿ ಬರೆಯುವ ಅಗತ್ಯವೇನು? ಕೋಡೆಕ್ ಒಂದು ಚಿತ್ರವನ್ನು ಪೂರ್ತಿ ಬರೆದಿಡುತ್ತದೆ. ಮುಂದಿನದಕ್ಕೆ ಬರೀ ಸೂಚನೆ: ‘ಹಿನ್ನೆಲೆ ಇದ್ದಂತೆ ಇರಲಿ, ಇಲ್ಲಿಂದ ಇಲ್ಲಿಯವರೆಗಿನ ಚೌಕಗಳನ್ನು 3 ಚುಕ್ಕೆ ಎಡಕ್ಕೆ ಸರಿಸು.’ ಎಚ್.264ರಲ್ಲಿ ಈ ಮೂಲ ಚೌಕ 16 × 16 ಚುಕ್ಕೆಯದು, ಎಚ್.265ರಲ್ಲಿ 64 × 64ರವರೆಗೂ ಹೋಗಬಹುದು, ಖಾಲಿ ಆಕಾಶಕ್ಕೆ ಒಂದೇ ದೊಡ್ಡ ಚೌಕ ಸಾಕು. ಸಾಲದ್ದಕ್ಕೆ ಕೆಲವು ಚಿತ್ರಗಳು ಹಿಂದಿನದನ್ನಷ್ಟೇ ಅಲ್ಲ, ಮುಂದೆ ಬರಲಿರುವ ಚಿತ್ರವನ್ನೂ ನೋಡಿ ಬರೆದವು. ಹಾಗಾಗಿ ಫೈಲಿನಲ್ಲಿ ಚಿತ್ರಗಳ ಸರದಿ ಪರದೆಯ ಸರದಿಯಂತಿರುವುದಿಲ್ಲ, ಅವನ್ನು ಮತ್ತೆ ಜೋಡಿಸಿಕೊಡುವುದು ಡಿಕೋಡರಿನ, ಅಂದರೆ ಕುಗ್ಗಿಸಿದ್ದನ್ನು ಬಿಚ್ಚುವ ಭಾಗದ, ಕೆಲಸ. ಸಂಜೆ ಅರಮನೆಯ ಸುಮಾರು 1 ಲಕ್ಷ ಬಲ್ಬುಗಳು ಒಮ್ಮೆಗೇ ಹೊತ್ತಿಕೊಳ್ಳುವ ಕ್ಷಣ ನೆನಪಿಸಿಕೊಳ್ಳಿ. ವಿಡಿಯೊ ಅಲ್ಲೇ ಚೌಕ ಚೌಕವಾಗಿ ಒಡೆಯುತ್ತದೆ, ಏಕೆಂದರೆ ಆಗ ‘ಇದ್ದಂತೆ ಇರಲಿ’ ಎನ್ನಲು ಹಿಂದಿನ ಚಿತ್ರದಿಂದ ಏನೂ ಉಳಿದಿಲ್ಲ.

ಸರಿಸಿದ ಮೇಲೂ ಉಳಿಯುವ ವ್ಯತ್ಯಾಸವನ್ನು ಇನ್ನೊಂದು ಗಾಣಕ್ಕೆ ಹಾಕುತ್ತಾರೆ: ಡಿಸ್ಕ್ರೀಟ್ ಕೊಸೈನ್ ಟ್ರಾನ್ಸ್‌ಫಾರ್ಮ್, ಚಿಕ್ಕದಾಗಿ ಡಿಸಿಟಿ. 8 × 8ರ ಚೌಕದಲ್ಲಿ 64 ಸಂಖ್ಯೆಗಳಿವೆ. ಅವನ್ನು 64 ರೀಡುಗಳ ಹಾರ್ಮೋನಿಯಂ ಎಂದುಕೊಳ್ಳಿ. ಚುಕ್ಕೆ ಚುಕ್ಕೆಯ ಬೆಳಕನ್ನು ಹೇಳುವ ಬದಲು ಯಾವ ರೀಡು ಎಷ್ಟು ಜೋರಾಗಿ ನುಡಿಯಬೇಕು ಎಂದು ಬರೆಯುತ್ತೇವೆ. ಮೊದಲನೆಯದು ಚೌಕದ ಸರಾಸರಿ ಬೆಳಕು, ಮುಂದಿನವು ನಿಧಾನದ ಅಲೆಗಳು, ಕೊನೆಯವು ಸಣ್ಣ ಸಣ್ಣ ನಿರಿಗೆಗಳು. ಗೋಡೆ, ಆಕಾಶದಂಥ ನುಣುಪು ಜಾಗಗಳಲ್ಲಿ ಕೊನೆಯ ರೀಡುಗಳು ಹೆಚ್ಚುಕಡಿಮೆ ಮೌನವಾಗಿರುತ್ತವೆ. ಆಮೇಲೆ ಜರಡಿ ಹಿಡಿಯುತ್ತಾರೆ: ಕಣ್ಣಿಗೆ ಗೊತ್ತಾಗದಷ್ಟು ಸಣ್ಣದೆಲ್ಲ ಸೊನ್ನೆಯಾಗಿ ಉದುರುತ್ತದೆ. ಸೊನ್ನೆಗಳ ಉದ್ದ ಸಾಲನ್ನು ಬರೆಯಲು ಜಾಗವೇ ಬೇಕಿಲ್ಲ.

ಡಿಸಿಟಿಯನ್ನು ಕೊಟ್ಟವರು ನಾಸಿರ್ ಅಹ್ಮದ್, ಬೆಂಗಳೂರಿನಲ್ಲಿ 1940ರಲ್ಲಿ ಹುಟ್ಟಿದವರು. 1961ರಲ್ಲಿ ಅವರು ಎಂಜಿನಿಯರಿಂಗ್ ಮುಗಿಸಿದ ಬೆಂಗಳೂರಿನ ಯುವಿಸಿಇ ಕಾಲೇಜು ಆಗ ಮೈಸೂರು ವಿಶ್ವವಿದ್ಯಾಲಯದ ಅಡಿಯಲ್ಲಿತ್ತು. 1972ರಲ್ಲಿ ಈ ವಿಚಾರಕ್ಕೆ ಅಮೆರಿಕದ ನ್ಯಾಷನಲ್ ಸೈನ್ಸ್ ಫೌಂಡೇಷನ್ನಿನಿಂದ ಹಣ ಕೇಳಿದರು, ಸಿಗಲಿಲ್ಲ. ಆದರೂ ಬಿಡದೆ ಟಿ. ನಟರಾಜನ್ ಮತ್ತು ಕೆ. ಆರ್. ರಾವ್ ಅವರ ಜೊತೆ 1974ರ ಜನವರಿಯಲ್ಲಿ ಪ್ರಬಂಧ ಪ್ರಕಟಿಸಿದರು. ಜೆಪೆಗ್ ಫೋಟೊಗಳಿಂದ ಎಚ್.265ರವರೆಗೆ ಎಲ್ಲದರ ಒಡಲಲ್ಲಿ ಆ ಗಣಿತವಿದೆ. ಈ ಹೆಸರು ನಮ್ಮ ಶಾಲಾ ಮಕ್ಕಳಿಗೆ ಗೊತ್ತಿರಬೇಕಿತ್ತು.

ನಿಮ್ಮ ಪರದೆ ಕಪ್ಪಾಗಿರುವುದು ಎಚ್.265 ಬಿಚ್ಚುವ ಡಿಕೋಡರ್ ಕಂಪ್ಯೂಟರಿನಲ್ಲಿ ಇಲ್ಲದ್ದಕ್ಕೆ ಇರಬಹುದು. ಲಿನಕ್ಸಿಗೆ ಇದನ್ನು ಬಿಚ್ಚುವ ಶಕ್ತಿ ಇಲ್ಲವೆಂದಲ್ಲ. 2000ದಲ್ಲಿ ಫಾಬ್ರಿಸ್ ಬೆಲ್ಲಾರ್ ಆರಂಭಿಸಿದ ಎಫ್‌ಎಫ್‌ಎಂಪೆಗ್ (ffmpeg) ಎಂಬ ಉಚಿತ ತಂತ್ರಾಂಶ ಬಿಚ್ಚದ ಕೋಡೆಕ್ ಹುಡುಕುವುದು ಕಷ್ಟ. ತೊಡಕು ಪೇಟೆಂಟಿನದು. ಎಚ್.264, ಎಚ್.265ಗೆ ಹಲವು ದೇಶಗಳಲ್ಲಿ ಪೇಟೆಂಟ್ ಶುಲ್ಕವಿದೆ, ಪುಕ್ಕಟೆ ಹಂಚುವ ಲಿನಕ್ಸ್ ತಂಡಗಳು ಅದನ್ನು ಕಟ್ಟಲಾರವು. ಅದಕ್ಕೇ ಡಿಕೋಡರನ್ನು ಬೇರೆ ಕಪಾಟಿನಲ್ಲಿಟ್ಟು ‘ಬೇಕಾದವರು ತೆಗೆದುಕೊಳ್ಳಿ’ ಎನ್ನುತ್ತವೆ.

ಮೊದಲು ಮುಚ್ಚಳ ತೆಗೆಯಿರಿ. ಎಫ್‌ಎಫ್‌ಎಂಪೆಗ್ ಹಾಕಿಕೊಂಡು, ಆದೇಶ ಬರೆಯುವ ಕಿಟಕಿಯಾದ ಟರ್ಮಿನಲ್‌ನಲ್ಲಿ ಎಫ್‌ಎಫ್‌ಪ್ರೋಬ್ (ffprobe) ಎಂದು ಬರೆದು ಪಕ್ಕದಲ್ಲಿ ಫೈಲಿನ ಹೆಸರು ಕೊಡಿ. ಹೆಸರಿನಲ್ಲಿ ಖಾಲಿ ಜಾಗವಿದ್ದರೆ ಉದ್ಧರಣ ಚಿಹ್ನೆಯೊಳಗೆ ಇಡಿ. ವಿಡಿಯೊ ಎಂಬ ಸಾಲಿನಲ್ಲಿ ಕೋಡೆಕ್ಕಿನ ಹೆಸರು ಸಿಗುತ್ತದೆ. ಎಚ್‌ಇವಿಸಿ ಪಕ್ಕ ಮೇನ್ 10 ಎಂದಿದ್ದರೆ ಅದು 10 ಬಿಟ್‌ನದು, ಅಂದರೆ ಸಾಮಾನ್ಯ 8 ಬಿಟ್‌ಗಿಂತ ಬಣ್ಣದ ಛಾಯೆಗಳು ಹೆಚ್ಚು. ಇದನ್ನು ಬರೆದಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಹತ್ತಿರದ ದಾರಿ ವಿಎಲ್‌ಸಿ ಅಥವಾ ಎಂಪಿವಿ ಎಂಬ ವಿಡಿಯೊ ಪ್ಲೇಯರ್. ಇವೆರಡೂ ಎಫ್‌ಎಫ್‌ಎಂಪೆಗ್ಗನ್ನೇ ನೇರ ಬಳಸುತ್ತವೆ. ಉಬುಂಟುವಿನದೇ ವಿಡಿಯೊ ಪ್ಲೇಯರ್ ಜಿಸ್ಟ್ರೀಮರ್ ಎಂಬ ಬೇರೆ ವ್ಯವಸ್ಥೆಯ ಮೇಲೆ ನಿಂತಿದೆ. ಅದೂ ಓಡಬೇಕೆಂದರೆ ಉಬುಂಟು-ರಿಸ್ಟ್ರಿಕ್ಟೆಡ್-ಎಕ್ಸ್‌ಟ್ರಾಸ್ (ubuntu-restricted-extras) ಪ್ಯಾಕೇಜನ್ನು ಆಪ್ಟ್ (apt) ಎಂಬ ತಂತ್ರಾಂಶ ಹಾಕುವ ಆದೇಶದ ಮೂಲಕ ಹಾಕಬೇಕು. ನಡುವೆ ಮೈಕ್ರೋಸಾಫ್ಟ್ ಅಕ್ಷರಗಳ ಒಪ್ಪಂದದ ಪುಟ ತೆರೆಯುತ್ತದೆ. ಅಲ್ಲಿ ಮೌಸ್ ಕೆಲಸ ಮಾಡದಿದ್ದರೆ ಟ್ಯಾಬ್ ಒತ್ತಿ ಓಕೆಗೆ ಹೋಗಿ ಎಂಟರ್ ಒತ್ತಿ. ಅಲ್ಲಿ ಗಾಬರಿಯಾಗಿ ಟರ್ಮಿನಲ್ ಮುಚ್ಚಿದರೆ ಇನ್‌ಸ್ಟಾಲ್ ಅರ್ಧಕ್ಕೆ ನಿಲ್ಲುತ್ತದೆ. ಫೆಡೋರಾ ಎಂಬ ಇನ್ನೊಂದು ಲಿನಕ್ಸಿನವರು ಆರ್‌ಪಿಎಂ ಫ್ಯೂಷನ್ ಭಂಡಾರ ಸೇರಿಸಿ, ಎಫ್‌ಎಫ್‌ಎಂಪೆಗ್-ಫ್ರೀ ಜಾಗಕ್ಕೆ ಪೂರ್ಣ ಎಫ್‌ಎಫ್‌ಎಂಪೆಗ್ ತರಬೇಕು. ‘ಕೋಡೆಕ್ ಪ್ಯಾಕ್ ಇಲ್ಲಿದೆ’ ಎನ್ನುವ ಯಾವುದೋ ಜಾಲತಾಣದಿಂದ ಏನನ್ನೂ ಇಳಿಸಬೇಡಿ. ನಿಜವಾದ ವೈರಸ್ ಭಯ ಇರುವುದು ಅಲ್ಲಿ.

ಚಿತ್ರ ಬಂದರೂ ತಡವರಿಸುತ್ತದೆಯೇ? ಆಗ ಡಿಕೋಡರ್ ಇದೆ, ಆದರೆ ಎಲ್ಲ ಭಾರವೂ ಸಿಪಿಯು ಮೇಲೆ ಬಿದ್ದಿದೆ. ಗ್ರಾಫಿಕ್ಸ್ ಚಿಪ್ಪಿನಲ್ಲಿ ಇದಕ್ಕೆಂದೇ ಯಂತ್ರಾಂಗವಿರುತ್ತದೆ, ಅದನ್ನು ಎಬ್ಬಿಸಬೇಕು. ಅದಕ್ಕೆ ಬೇಕಾದದ್ದು ಡ್ರೈವರ್, ಅಂದರೆ ಚಿಪ್ಪನ್ನು ನಡೆಸುವ ತಂತ್ರಾಂಶ: ಇಂಟೆಲ್ ಪ್ರೊಸೆಸರಿನ 5ನೇ ತಲೆಮಾರಿನಿಂದ ಈಚಿನದಕ್ಕೆ ಇಂಟೆಲ್-ಮೀಡಿಯಾ ಡ್ರೈವರ್, ಹಿಂದಿನದಕ್ಕೆ ಐ965 ಡ್ರೈವರ್. ಟರ್ಮಿನಲ್‌ನಲ್ಲಿ ವಿಎಇನ್ಫೋ (vainfo) ಓಡಿಸಿದರೆ ಪಟ್ಟಿ ಬರುತ್ತದೆ. ನಿಮ್ಮ ಕೋಡೆಕ್ಕಿನ ಎದುರು ವಿಎಲ್‌ಡಿ (VLD) ಎಂದಿದ್ದರೆ ಚಿಪ್ ಅದನ್ನು ಬಿಚ್ಚಬಲ್ಲದು. 4ನೇ ತಲೆಮಾರಿನ ಹಳೆಯ ಡೆಸ್ಕ್‌ಟಾಪಿಗೆ ಎಚ್.264 ಬರುತ್ತದೆ, ಎಚ್.265 ಬಾರದು. 6ನೆಯದು 8 ಬಿಟ್ ಎಚ್.265 ಬಿಚ್ಚುತ್ತದೆ, 10 ಬಿಟ್‌ಗೆ 7ನೆಯದು ಬೇಕು. ಬರೆದಿಟ್ಟ ಮೇನ್ 10 ಈಗ ಉಪಯೋಗಕ್ಕೆ ಬಂತು. ಎಂಪಿವಿಯಲ್ಲಿ ಎಚ್‌ಡಬ್ಲ್ಯುಡೆಕ್ (hwdec) ಆಯ್ಕೆಯನ್ನು ‘ಆಟೊ’ (auto) ಎಂದು ಇಟ್ಟರೆ ಚಿಪ್ ಕೆಲಸಕ್ಕಿಳಿಯುತ್ತದೆ. ಹಸಿರು ಪಟ್ಟೆ ಕಂಡರೆ ದೋಷ ಡ್ರೈವರಿನದಿರಬಹುದು, ಅದೇ ಆಯ್ಕೆಯನ್ನು ‘ನೋ’ (no) ಎಂದು ಬದಲಿಸಿ ಪರೀಕ್ಷಿಸಿ.

ಹಳೆಯ ಯಂತ್ರಕ್ಕೆ ಎಚ್.264ಗೆ ಪರಿವರ್ತಿಸುವುದೊಂದೇ ದಾರಿಯಾದರೆ ಮಾಡಿ, ಮೂಲ ಫೈಲನ್ನು ಮಾತ್ರ ಇಟ್ಟುಕೊಳ್ಳಿ. ಬೆಲ್ಲ ಕರಗಿಸಿ ಮತ್ತೆ ಅಚ್ಚು ಹೊಯ್ದರೆ ಬಣ್ಣ ಕಂದುತ್ತದೆ, ಜರಡಿಯಲ್ಲಿ ಉದುರಿದ್ದು ಮರಳಿ ಬರುವುದಿಲ್ಲ. ಡಬ್ಬಿಯಷ್ಟೇ ಬದಲಾಗಬೇಕಿದ್ದರೆ ಎಫ್‌ಎಫ್‌ಎಂಪೆಗ್‌ಗೆ ‘ಸಿ ಕಾಪಿ’ (-c copy) ಆಯ್ಕೆ ಕೊಡಿ. ಒಳಗಿನದನ್ನು ಮುಟ್ಟದೆ ಕೆಲವೇ ಕ್ಷಣಗಳಲ್ಲಿ ಮುಗಿಸುತ್ತದೆ.

ಒಂದು ಸಂದರ್ಭದಲ್ಲಿ ಮಾತ್ರ ಫೈಲ್ ನಿಜಕ್ಕೂ ಅರೆಬರೆ. ಎಫ್‌ಎಫ್‌ಪ್ರೋಬ್ ‘ಮೂವ್ ಆಟಮ್ ನಾಟ್ ಫೌಂಡ್’ (moov atom not found) ಎಂದರೆ ಎಂಪಿ4ರ ವಿಷಯಸೂಚಿ ಕಾಣೆಯಾಗಿದೆ. ರೆಕಾರ್ಡ್ ಮಾಡುವಾಗ ಅದನ್ನು ಸಾಮಾನ್ಯವಾಗಿ ಕೊನೆಗೆ ಬರೆಯುತ್ತಾರೆ, ಆದ್ದರಿಂದ ಮೆರವಣಿಗೆಯ ನಡುವೆ ಫೋನಿನ ಬ್ಯಾಟರಿ ಮುಗಿದರೆ ಚಿತ್ರವೆಲ್ಲ ಇದ್ದೂ ಸೂಚಿಯೇ ಇರುವುದಿಲ್ಲ. ಪೆನ್‌ಡ್ರೈವಿಗೆ ಅರ್ಧವಷ್ಟೇ ನಕಲಾದರೂ ಹೀಗೇ. ಎಫ್‌ಎಟಿ32 ಪೆನ್‌ಡ್ರೈವ್ 4 ಜಿಬಿ ಮೀರಿದ ಒಂದು ಫೈಲನ್ನು ಹಿಡಿಯದು, ಎಕ್ಸ್‌ಫ್ಯಾಟ್‌ಗೆ ಫಾರ್ಮ್ಯಾಟ್ ಮಾಡಿ ಮೂಲದಿಂದ ಮತ್ತೆ ನಕಲಿಸಿ. ಮೂಲವೇ ಹಾಗಿದ್ದರೆ ಅನ್‌ಟ್ರಂಕ್ ಎಂಬ ಉಪಕರಣವಿದೆ. ಅದೇ ಫೋನಿನಲ್ಲಿ, ಅದೇ ಸೆಟ್ಟಿಂಗಿನಲ್ಲಿ ಒಂದೆರಡು ನಿಮಿಷದ ಬೇರೆ ವಿಡಿಯೊ ತೆಗೆದು ಮಾದರಿಯಾಗಿ ಕೊಡಿ. ಅದನ್ನು ನೋಡಿಕೊಂಡು ಕಳೆದುಹೋದ ಸೂಚಿಯನ್ನು ಮತ್ತೆ ಬರೆಯಲು ಅದು ಯತ್ನಿಸುತ್ತದೆ.