ಮುಸುಕಿನ ಒಳಗೆ ಅಮ್ಮ ಇದ್ದಾಳಾ?

ದಾವಣಗೆರೆಯಲ್ಲಿ ಬೆಣ್ಣೆ ದೋಸೆ ತಿನ್ನುತ್ತಾ ಚಿತ್ರಕಲೆ ಓದುವ ಹುಡುಗರ ಜೊತೆ ಕೂತಿದ್ದೆ. ಒಬ್ಬ ಮೊಬೈಲ್ ತೆಗೆದು ಚಿತ್ರಕಾರ ರೆನೆ ಮಾಗ್ರಿಟ್‌ನ ‘ಪ್ರೇಮಿಗಳು’ ಚಿತ್ರ ತೋರಿಸಿದ. ಗಂಡು ಹೆಣ್ಣು ಮುತ್ತಿಡುತ್ತಿದ್ದಾರೆ, ಇಬ್ಬರ ತಲೆಗೂ ಬಿಳಿ ಬಟ್ಟೆ ಸುತ್ತಿದೆ. “ಅವನ ಅಮ್ಮ ಹೊಳೆಗೆ ಹಾರಿ ಸತ್ತಳಲ್ವಾ, ಅದೇ ಇದು” ಅಂದ. ಇನ್ನೊಬ್ಬ “ಸುಮ್ನೆ ಕಟ್ಟುಕಥೆ” ಅಂದ. ದೋಸೆ ಆರಿತು.

ಈ ಗಂಟು ಹಳೆಯದು.

ಮಾಗ್ರಿಟ್ ಹುಟ್ಟಿದ್ದು 1898ರಲ್ಲಿ, ಬೆಲ್ಜಿಯಂನಲ್ಲಿ. ಅಪ್ಪ ದರ್ಜಿ, ಬಟ್ಟೆ ವ್ಯಾಪಾರಿ. ಅಮ್ಮ ಮದುವೆಗೆ ಮುಂಚೆ ಟೋಪಿ ಹೊಲಿಯುತ್ತಿದ್ದಳು. ಕಾಟನ್ ಮಿಲ್ಲುಗಳಿಂದ ಹೆಸರಾದ ದಾವಣಗೆರೆಯವರಿಗೆ ಇದು ಮೊದಲು ಕಣ್ಣಿಗೆ ಬೀಳಬೇಕಿತ್ತು, ಆದರೆ ಬಟ್ಟೆಯ ಮನೆಯಲ್ಲಿ ಬೆಳೆದವನು ಬಟ್ಟೆ ಬರೆದ ಅಂದರೆ ಕಥೆ ಸಪ್ಪೆಯಾಗುತ್ತದೆ ನೋಡಿ.

1912ರ ಫೆಬ್ರವರಿಯ ಒಂದು ರಾತ್ರಿ ಅಮ್ಮ ಮನೆಯಿಂದ ಹೊರಬಿದ್ದು ಸಾಂಬ್ರ್ ನದಿಗೆ ಹಾರಿದಳು. ಹುಡುಗನಿಗೆ ಆಗ 13. ಹೆಣ ಸಿಕ್ಕಿದ್ದು ಎರಡು ವಾರ ದಾಟಿದ ಮೇಲೆ. ಮೇಲೆತ್ತಿದಾಗ ರಾತ್ರಿ ಅಂಗಿ ಮುಖಕ್ಕೆ ಸುತ್ತಿಕೊಂಡಿತ್ತು, ಮಗ ಅದನ್ನು ನೋಡಿದ ಅನ್ನೋದು ಕಥೆ. ಇದು ಅಚ್ಚಾಗಿದ್ದು 1940ರ ದಶಕದಲ್ಲಿ, ಗೆಳೆಯರೊಬ್ಬರ ಪುಸ್ತಕದಲ್ಲಿ, ಅಂದರೆ ಘಟನೆಯಾಗಿ ಮೂವತ್ತು ವರ್ಷ ದಾಟಿದ ಮೇಲೆ. ಬಾಲ್ಯದ ಗಾಯ ಮನಸ್ಸಿನಾಳದಲ್ಲಿ ಉಳಿದು ಕೆಲಸ ಮಾಡುತ್ತದೆ ಅಂದ ಮನೋವೈದ್ಯ ಫ್ರಾಯ್ಡ್‌ನನ್ನು ಓದಿದವರಿಗೆ ಇಷ್ಟು ಸಾಕಾಯಿತು. ಆಮೇಲೆ ಹುಡುಕಿದವರು, ಹೆಣ ತೆಗೆಯುವಾಗ ಹುಡುಗ ಅಲ್ಲಿರಲೇ ಇಲ್ಲ ಅನ್ನಿಸುತ್ತದೆ, ಮನೆಯ ದಾದಿ ಹೇಳಿದ ಮಾತು ನೆನಪಾಗಿ ಉಳಿದಿರಬೇಕು ಅಂದರು. ಕೇಳಿದ್ದು ಕಂಡದ್ದಾಗೋಕೆ ಎಷ್ಟು ಹೊತ್ತು ಬೇಕು?

1924ರಲ್ಲಿ ಪ್ಯಾರಿಸ್ಸಿನಲ್ಲಿ ಕನಸು, ಒಳಮನಸ್ಸನ್ನು ಕಲೆಗೆ ತರುವ ಸರ್ರಿಯಲಿಸಂ ಪಂಥದ ಪ್ರಣಾಳಿಕೆ ಬಂತು, 1927ರಲ್ಲಿ ಮಾಗ್ರಿಟ್ ಅಲ್ಲಿಗೆ ಹೋದ, ಮರುವರ್ಷವೇ ‘ಪ್ರೇಮಿಗಳು’, 1930ರಲ್ಲಿ ವಾಪಸ್ ಬ್ರಸೆಲ್ಸ್. ಮುಸುಕು ಹಾಕಿಕೊಂಡು ಓಡಾಡುವ ಫ್ಯಾಂಟೊಮಾಸ್ ಎಂಬ ಖದೀಮನ ಕಥೆ, ಮೂಕಿ ಸಿನಿಮಾ ಅಂದರೆ ಅವನಿಗೆ ಚಿಕ್ಕಂದಿನಿಂದ ಪ್ರಾಣ. ಈ ಎಳೆಯನ್ನು ಯಾರೂ ಅಷ್ಟಾಗಿ ಹಿಡಿಯುವುದಿಲ್ಲ. ದುಃಖದಷ್ಟು ಸಿನಿಮಾ ಹುಚ್ಚಿಗೆ ಬೆಲೆ ಇಲ್ಲ. ಮಾಗ್ರಿಟ್‌ಗಂತೂ ಚಿತ್ರಕ್ಕೆ ಅರ್ಥ ಹಚ್ಚೋದೇ ಇಷ್ಟವಿರಲಿಲ್ಲ. 1967ರಲ್ಲಿ ಸಾಯುವವರೆಗೂ ಹಾಗೇ ಇದ್ದ.

ನನಗೆ ನೆನಪಾದದ್ದು ನಮ್ಮ ಮದುವೆಗಳ ಅಂತರಪಟ. ಇದೂ ನಾನು ಹಚ್ಚಿದ್ದೇ ಬಿಡಿ.

ಮುತ್ತಿನ ಚಿತ್ರ ಇರೋದು ನ್ಯೂಯಾರ್ಕಿನಲ್ಲಿ. ಅದೇ ವರ್ಷ, ಅದೇ ಹೆಸರಿನ ಇನ್ನೊಂದು ಕ್ಯಾನ್‌ಬೆರಾದಲ್ಲಿದೆ. ಅಲ್ಲಿ ಮುತ್ತಿಲ್ಲ. ಹಿಂದೆ ಹಸಿರು, ಇಬ್ಬರೂ ಪಿಕ್ನಿಕ್ಕಿಗೆ ಬಂದು ಫೋಟೋಗೆ ನಿಂತ ಹಾಗೆ ನಮ್ಮ ಕಡೆ ತಿರುಗಿದ್ದಾರೆ, ಮುಸುಕು ಮಾತ್ರ ಹಾಗೇ ಇದೆ. ಅದನ್ನು ತೋರಿಸಿದಾಗ ಹೊಳೆಯ ಕಥೆ ಹೇಳಿದ ಹುಡುಗ ಸ್ವಲ್ಪ ತಡವರಿಸಿದ.