ಮುರುಗಲು ಮರ ಹೂ ಬಿಟ್ಟರೂ ಕಾಯಿ ಏಕೆ ಕಟ್ಟುವುದಿಲ್ಲ?

ಪ್ರಶ್ನೆ: ಬೀಜದಿಂದ ಬೆಳೆಸಿದ ಮುರುಗಲು ಮರ ಪ್ರತಿ ವರ್ಷ ಮೈತುಂಬ ಹೂ ಬಿಡುತ್ತದೆ, ಆದರೆ ಒಂದು ಕಾಯಿಯೂ ಕಾಣುವುದಿಲ್ಲ. ಗೊಬ್ಬರ ಸಾಲದೆ ಹೀಗಾಗುತ್ತಿದೆಯೇ? ಮರವನ್ನು ಕಡಿದುಬಿಡುವುದೇ ಸರಿಯೇ?

ಉತ್ತರ: ಗೊಬ್ಬರದ ಕೊರತೆಗಿಂತ, ಅದು ಗಂಡು ಮರವಾಗಿರುವ ಸಾಧ್ಯತೆಯೇ ಹೆಚ್ಚು. ಕರಾವಳಿಯಲ್ಲಿ ಪುನರ್ಪುಳಿ ಎಂದೂ ಕರೆಯಲಾಗುವ, ಪಶ್ಚಿಮ ಘಟ್ಟದ ಕಾಡುಗಳ ಸಹಜ ನಿವಾಸಿಯಾದ ಈ ಮರದಲ್ಲಿ ಸಾಮಾನ್ಯವಾಗಿ ಗಂಡು ಹೂವು ಒಂದು ಮರದಲ್ಲಿ, ಹೆಣ್ಣು ಹೂವು ಇನ್ನೊಂದು ಮರದಲ್ಲಿ ಬಿಡುತ್ತವೆ. ಬೀಜದ ಸಸಿಗಳಲ್ಲಿ ಸರಿಸುಮಾರು ಅರ್ಧದಷ್ಟು ಗಂಡಾಗುತ್ತವೆ. ಸಸಿಯ ಎಲೆಯನ್ನೋ ಕಾಂಡವನ್ನೋ ನೋಡಿ ಇದನ್ನು ತಿಳಿಯಲಾಗದು. ಏಳೆಂಟು ವರ್ಷ ಸಾಕಿ ಮೊದಲ ಹೂವಿಗಾಗಿ ಕಾಯಲೇಬೇಕಾಗುತ್ತದೆ. ಬೆಳೆಗಾರರಿಗೆ ನಿಜಕ್ಕೂ ಬೇಸರ ತರಿಸುವ ಸಂಗತಿ ಇದು.

ಚಳಿಗಾಲದಲ್ಲಿ ಹೂ ಅರಳಿದಾಗ ಕೆಲವನ್ನು ಕಿತ್ತು, ದಪ್ಪನೆಯ ನಾಲ್ಕು ಎಸಳುಗಳನ್ನು ಬಿಡಿಸಿ ನೋಡಿ. ನಡುವೆ ಹಳದಿ ಕೇಸರಗಳು ಮಾತ್ರ ಒತ್ತೊತ್ತಾಗಿ ಗುಂಪುಗೂಡಿದ್ದರೆ ಅದು ಗಂಡು ಹೂವು. ಪುಟ್ಟ ಹಸಿರು ಗುಂಡಿನಂತಹ ಅಂಡಾಶಯವೂ ಅದರ ನೆತ್ತಿಯ ಮೇಲೆ ಸೀಳುಸೀಳಾದ ಶಲಾಕಾಗ್ರವೂ (ಪರಾಗವನ್ನು ಹಿಡಿಯುವ ತುದಿ) ಕಂಡರೆ ಹೆಣ್ಣು ಹೂವು. ಆಗ ಹತ್ತಿರದಲ್ಲಿ ಪರಾಗ ಒದಗಿಸುವ ಗಂಡು ಮರವಿದೆಯೇ ಎಂಬುದನ್ನು ಪರಿಶೀಲಿಸಬೇಕು.

ಗಂಡೆಂದು ಖಚಿತವಾದ ಮಾತ್ರಕ್ಕೆ ಮರವನ್ನು ಕಡಿಯಬೇಡಿ. ಸುತ್ತಲಿನ ಹೆಣ್ಣು ಮರಗಳ ಫಸಲು ಅದರ ಪರಾಗವನ್ನೇ ಅವಲಂಬಿಸಿರಬಹುದು. ತೋಟಕ್ಕೆ ಹತ್ತು ಹೆಣ್ಣು ಗಿಡಗಳಿಗೆ ಒಂದು ಗಂಡು ಗಿಡ ಸಾಕಾಗುತ್ತದೆಯಾದರೂ ಆ ಒಂದು ಇರಲೇಬೇಕು. ಕಾಡಿನ ಮರಗಳ ವಿಷಯದಲ್ಲಂತೂ, ಹಣ್ಣು ಕೊಡದ ಮರ ಸೌದೆಗಷ್ಟೇ ಲಾಯಕ್ಕು ಎಂಬ ಎಣಿಕೆ ಅತ್ಯಂತ ಹಾನಿಕರವೆಂಬುದು ನನ್ನ ದೃಢವಾದ ಅಭಿಪ್ರಾಯ.

ಹಣ್ಣು ಬೇಕೆಂದರೆ, ಚೆನ್ನಾಗಿ ಫಲ ಕೊಡುವ ಹೆಣ್ಣು ಮರದ ಕುಡಿಯಿಂದ ಮಾಡಿದ ಮೃದುಕಾಂಡ ಕಸಿಯ (ಎಳೆ ಸಸಿಯ ಮೆತ್ತನೆಯ ಕಾಂಡಕ್ಕೆ ಕುಡಿ ಕೂಡಿಸಿದ) ಗಿಡಗಳನ್ನು ಪಕ್ಕದಲ್ಲಿ ನೆಡಿ. ಇವು ಬೀಜದ ಗಿಡಗಳಿಗಿಂತ ಬೇಗ ಫಲಕ್ಕೆ ಬರುತ್ತವೆ. ಕೊಳ್ಳುವಾಗ ಒಂದು ಮಾತನ್ನು ಮರೆಯದೆ ವಿಚಾರಿಸಿ: ಕುಡಿಯನ್ನು ನೆಟ್ಟಗೆ ಮೇಲೇರುವ ಚಿಗುರಿನಿಂದ ತೆಗೆದದ್ದೇ, ಅಡ್ಡ ರೆಂಬೆಯಿಂದ ತೆಗೆದದ್ದೇ? ಅಡ್ಡ ರೆಂಬೆಯ ಕುಡಿಯಿಂದಾದ ಗಿಡವೂ ಹಣ್ಣು ಕೊಡುತ್ತದೆ, ಆದರೆ ಮುರುಗಲಿನ ಸಹಜವಾದ ಗೋಪುರದ ಆಕಾರಕ್ಕೆ ಬಾರದೆ ನೆಲದತ್ತ ಬಾಗಿ ಪೊದೆಯಂತೆ ಹರಡಿಕೊಳ್ಳುತ್ತದೆ.